ಅತ್ತೆಯ ರಂಜಕ, ಅತ್ತೆಯ ಗುಳಿಗೆ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಆಮೇಲೆ ಕಮೆಂಟಿನಲ್ಲಿ ಬೈಯಬೇಡಿ.

ನಮ್ಮತ್ತೆ ವರ್ಷಕ್ಕೊಮ್ಮೆ ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ರಂಜಕ ಅರೆಯುತ್ತಾರೆ. ಕನ್ನೊಳ್ಳಿ, ನಾಲತವಾಡದ ಬೀಗರೆಲ್ಲ ಡಬ್ಬಿ ಹಿಡಿದುಕೊಂಡೇ ಸಿಂದಗಿಯ ನಮ್ಮ ಮನೆಗೆ ಬರುತ್ತಾರೆ. ಹೋದ ವರ್ಷ ನನಗೆ ಹೊಟ್ಟೆಯೊಳಗೆ ಉರಿ ಶುರುವಾಯಿತು. ಬೀಗರು ರೊಟ್ಟಿಗೆ ರಂಜಕ ಹಚ್ಚಿಕೊಳ್ಳುತ್ತಿದ್ದಾಗಲೇ ಅಂದುಬಿಟ್ಟೆ: "ಇದನ್ನ ತಿಂದ ತಿಂದ ನನ್ನ ಹೊಟ್ಯಾಗ ಹುಣ್ಣಾಗೈತಿ ನೋಡ್ರಿ."

ಎಲ್ಲರ ಕೈ ನಿಂತವು. ಅಂದು ಒಬ್ಬರೂ ಡಬ್ಬಿ ತುಂಬಿಸಿಕೊಳ್ಳಲಿಲ್ಲ. ಅತ್ತೆ ಭರಣಿಯನ್ನು ತಿಜೋರಿಯಲ್ಲಿಟ್ಟು ಕೀಲಿ ಹಾಕಿದರು.

ಹದಿನೈದು ದಿನ ಬರೀ ಮೊಸರನ್ನ ತಿಂದೆ. ಉರಿ ಹೋಗಲಿಲ್ಲ. ಅತ್ತೆಗೂ ಅದೇ ಬೇಕಿತ್ತು.

"ನಡಿ ದವಾಖಾನಿಗೆ. ನನ್ನ ರಂಜಕದ ನ್ಯಾಯ ಇವತ್ತ ಆಗಿಬಿಡ್ಲಿ!"

ಡಾಕ್ಟರು ಬಾಯೊಳಗಿಂದ ಕ್ಯಾಮೆರಾ ಇಳಿಸಿ ನೋಡಿದರು. ಹುಣ್ಣು ಇತ್ತು. ನಾನು ಅತ್ತೆಯ ಕಡೆ ಗೆದ್ದ ಮುಖ ಮಾಡಿದೆ. ಅಷ್ಟರಲ್ಲಿ ಡಾಕ್ಟರು, "ನೋವಿನ ಗುಳಗಿ ಏನರೆ ತಗೋತೀರೇನ್ರಿ ಅಕ್ಕಾರ?" ಎಂದರು.

ತಗೊಳ್ಳುತ್ತಿದ್ದೆ. ಸೊಂಟನೋವಿಗೆ ದಿನಾ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಚಹಾದ ಜೊತೆ. ಊಟದ ಮೇಲೆ ತಗೊಂಡರೆ ಗುಳಿಗೆಯ ಜೋರು ಕಡಿಮೆಯಾಗುತ್ತದೆ ಎಂಬುದು ನನ್ನದೇ ವೈದ್ಯಶಾಸ್ತ್ರ. ಗುಳಿಗೆ ಮಾತ್ರ ನನ್ನದಲ್ಲ. ಅತ್ತೆಯ ಮೊಣಕಾಲಿಗೆ ಬರೆದುಕೊಟ್ಟದ್ದು, ಅವರ ದಿಂಬಿನ ಕೆಳಗಿಂದ ನಾನು ಕದ್ದದ್ದು. ಅತ್ತೆಯ ಮುಂದೆಯೇ ಒಪ್ಪಿಕೊಳ್ಳಬೇಕಾಯಿತು.

"ಖಾರ ಹುಣ್ಣ ಮಾಡೂದಿಲ್ರಿ," ಎಂದರು ಡಾಕ್ಟರು. "ಆದ ಹುಣ್ಣಿನ ಮ್ಯಾಲ ಬಿದ್ರ ಒಬ್ಬೊಬ್ರಿಗೆ ಉರೀತೈತಿ, ಅಷ್ಟ. ನಿಮಗ ಹುಣ್ಣ ಮಾಡಿದ್ದು ಈ ಗುಳಗಿ. ಇವತ್ತಿಂದ ಬಂದ್."

ಅತ್ತೆ ಎದ್ದು ನಿಂತರು. "ನನ್ನ ಗುಳಗಿ ಕದ್ದ ತಿಂದು ನನ್ನ ರಂಜಕದ ಮ್ಯಾಲ ಹೊರಿಸಿದೇನ ನಮ್ಮವ್ವಾ? ಕಡಿಮಿ ಕೊಟ್ಟಾನಂತ ಔಷಧ ಅಂಗಡ್ಯಾವನ್ನ ಸುಳ್ಳೇ ಬೈತಿದ್ನಲ್ಲೋ ಶಿವನ!"

ಅಂದೇ ಸಂಜೆ ಶಿಕ್ಷೆ ಜಾರಿಯಾಯಿತು. ಒಬ್ಬೊಬ್ಬ ಬೀಗರಿಗೂ ಫೋನ್ ಮಾಡಿ, ಸ್ಪೀಕರ್ ಹಾಕಿ, ತಪ್ಪು ಒಪ್ಪಿಕೊಳ್ಳಬೇಕು. ಅತ್ತೆ ಪಕ್ಕದಲ್ಲೇ ಕುಳಿತರು. "ಜೋರಾಗಿ ಹೇಳ. ಅವರಿಗೆ ಕೇಳಸವಲ್ತು."

ಎರಡು ತಿಂಗಳು ಔಷಧಿ ತಗೊಂಡೆ. ಹುಣ್ಣು ಮಾಯ್ದಿದೆ ಎಂದು ಡಾಕ್ಟರು ಹೇಳಿದ ಮೇಲೆ ಭರಣಿ ತಿಜೋರಿಯಿಂದ ಹೊರಬಂತು. ಅದರ ಜಾಗದಲ್ಲಿ ಗುಳಿಗೆ ಒಳಹೋಯಿತು. ಅತ್ತೆ ಬಿಸಿ ರೊಟ್ಟಿಯ ಮೇಲೆ ಕಡಲೆಕಾಳಿನಷ್ಟು ರಂಜಕ, ಅಂಗೈಯಷ್ಟು ಬೆಣ್ಣೆ ಇಟ್ಟು ನನ್ನ ಮುಖವನ್ನೇ ನೋಡುತ್ತಾ ಕುಳಿತರು.

"ಉರೀತೇನ?"

"ಇಲ್ರೀ ಅತ್ತಿ."

"ಹಂಗಾರ ನಾಲತವಾಡಕ್ಕ ಇನ್ನೊಮ್ಮಿ ಫೋನ್ ಹಚ್ಚ. ಡಬ್ಬಿ ತಗೊಂಡ ಬಾ ಅನ್ನ."