ಮೂರಡಿ ಸೂರಿನ ಇಂಗ್ಲಿಷ್ ಮನೆ

ಕುವೈತಿನ ಅಬ್ಬಾಸಿಯಾದ ನಮ್ಮ ಅಡುಗೆಮನೆಯಲ್ಲಿ, ಗೆಳೆಯರೇ, ನನ್ನ ಹೆಂಡತಿ ಶಾರದೆ ಚಕ್ಕುಲಿ ತುಂಬಿಡುವ ತಗಡಿನ ಬಿಸ್ಕತ್ತು ಡಬ್ಬಿಯೊಂದಿದೆ. ಅದರ ಮುಚ್ಚಳದ ಮೇಲೆ ಇಂಗ್ಲೆಂಡಿನ ಯಾವುದೋ ಹಳ್ಳಿಯ, ಶತಮಾನಗಳನ್ನು ಕಂಡ ಕಲ್ಲುಮನೆ. ಮೊಳ ದಪ್ಪದ ಜೇನುಬಣ್ಣದ ಗೋಡೆ, ಬಿಸಿಲನ್ನು ಚಮಚದಲ್ಲಿ ಅಳೆದು ಒಳಬಿಡುವ ಪುಟ್ಟ ಕಿಟಕಿ, ಕಡಿದಾದ ಮಾಡು, ಅದರ ನೆತ್ತಿಯಲ್ಲಿ ಗತ್ತಿನ ಹೊಗೆಗೂಡು. ನೋಡಿದಾಗಲೆಲ್ಲ ನನಗೆ ನಗು ತಡೆಯುವುದಿಲ್ಲ.

ತೊಂಬತ್ತರ ಜನವರಿಯ ಚಳಿಯಲ್ಲಿ ಈ ಡಬ್ಬಿಯನ್ನು ಮಿರ್ಕಾಬಿನ ನಮ್ಮ ಕಟ್ಟಡ ನಕ್ಷೆಯ ಕಚೇರಿಗೆ ಹೊತ್ತು ತಂದವರು ಜಾಬ್ರಿಯಾದ ಒಬ್ಬ ಕುವೈತಿ ಡಾಕ್ಟರರು. ಓದುವ ಕಾಲದಲ್ಲಿ ಅಂಥದೇ ಮನೆಯಲ್ಲಿದ್ದರಂತೆ. ಈಗ ಗೆಳೆಯರೊಡನೆ ಕೂತು ಹರಟಲು ಅಂಗಳದಲ್ಲೊಂದು ದಿವಾನಿಯಾ ಹಾಗೆಯೇ ಆಗಬೇಕು! ನಾನೊಬ್ಬನೇ ಬರೆಯುವ ಮೊದಲ ನಕ್ಷೆ. ಅವರು ಒಪ್ಪಿದರೆ ನನ್ನ ಇಕಾಮಾ, ಅಂದರೆ ಇಲ್ಲಿ ನೆಲೆಸುವ ಪರವಾನಗಿ, ಮುಂದುವರಿಯುತ್ತದೆ, ಇಲ್ಲದಿದ್ದರೆ ಊರಿನ ವಿಮಾನ. ಹುರುಪಿನಿಂದ ಒಂದೊಂದು ಕಲ್ಲನ್ನೂ ಬರೆದೆ. ಡಾಕ್ಟರರು ನಕ್ಷೆಯ ಸುರುಳಿ ಬಿಚ್ಚುವಾಗ ಪಕ್ಕದ ಮೇಜಿನ ಮಂಗಳೂರಿನ ಫೆಲಿಕ್ಸ್ ಇಣುಕಿ ಪಿಸುಗುಟ್ಟಿದ:

“ಎಂತ ಮಾರಾಯ ಇದು? ಚಿತ್ರದಲ್ಲಿ ಸೂರೇ ಇಲ್ಲ, ನೀನು ಮೂರಡಿ ಹೊರಗೆ ತಂದಿದ್ದೀಯಲ್ಲ! ಖಲಾಸ್ ನಿನ್ನ ಇಕಾಮಾ.”

ಹೌದಲ್ಲ! ಆ ಮಾಡು ಗೋಡೆಯ ಅಂಚಿಗೇ ಮುಗಿಯುತ್ತದೆ. ಆದರೆ ಆಟಿ ತಿಂಗಳ ಜಡಿಮಳೆಯಲ್ಲಿ ಬೆಳೆದ ನನ್ನ ಉಡುಪಿಯ ಕೈಗೆ ಮರಳುಗಾಡಿನಲ್ಲೂ ಗೋಡೆ ನೆನೆದೀತೆಂಬ ಚಿಂತೆ. ಕಟ್ಟುವವರು ಯಾವುದಕ್ಕೆ ಹೆದರುತ್ತಾರೋ ಮನೆಗೆ ಅದರದೇ ಆಕಾರ. ಅವರು ಚಳಿಗೆ ಹೆದರಿ ಕಿಟಕಿ ಕುಗ್ಗಿಸಿದರು, ನಾವು ಮಳೆಗೆ ಹೆದರಿ ಸೂರು ಹಿಗ್ಗಿಸಿದೆವು. ಡಾಕ್ಟರರು ಹುಬ್ಬೇರಿಸಿ, “ಇದು ಯಾಕೆ?” ಎಂದರು. “ಮಳೆಗೆ, ಸರ್,” ಎಂದುಬಿಟ್ಟೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಕುವೈತಿನಲ್ಲಿ ನಿನ್ನ ಮಳೆ! ಇರಲಿ, ನೆರಳಾದರೂ ಬಿದ್ದೀತು. ಯಲ್ಲಾ, ಕಟ್ಟಿ!” ಡಬ್ಬಿಯನ್ನು ನನಗೇ ಕೊಟ್ಟುಬಿಟ್ಟರು. ಆ ಸಂಜೆ ನಾನು ನೆಲದ ಮೇಲೆ ನಡೆದೇ ಇಲ್ಲ.

ಜುಲೈಗೆ ಮನೆ ಎದ್ದಿತು, ಆಗಸ್ಟಿನಲ್ಲಿ ಇರಾಕಿನ ಸೇನೆ ನುಗ್ಗಿ ಯುದ್ಧ ಬಂತು. ಡಬ್ಬಿಯಲ್ಲಿ ಅವಲಕ್ಕಿ ತುಂಬಿಕೊಂಡು ನಾನೂ ಶಾರದೆಯೂ ಹೇಗೋ ಊರು ಸೇರಿದೆವು. ಮರುವರ್ಷ ಡಬ್ಬಿಯೊಂದಿಗೇ ಇಬ್ಬರೂ ಕುವೈತಿಗೆ ಮರಳಿದಾಗ, ಸೋತ ಸೇನೆ ಹಚ್ಚಿಹೋದ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಡಾಕ್ಟರರು ಬದುಕಿದ್ದಾರೋ ಇಲ್ಲವೋ ಎಂಬ ಭಯದಲ್ಲಿ ಜಾಬ್ರಿಯಾಕ್ಕೆ ಓಡಿದೆ. ಗೇಟು ದಾಟುವಷ್ಟರಲ್ಲಿ ಆಕಾಶ ಮಸಿ ಕಲಸಿದ ಕಪ್ಪು ಮಳೆ ಸುರಿಸತೊಡಗಿತು. ನನ್ನ ಅಂಗಿ ಕಪ್ಪಾಯಿತು, ಬೀದಿ ಕಪ್ಪಾಯಿತು. ಸೂರಿನಡಿಯ ಗೋಡೆ ಮಾತ್ರ ಜೇನುಬಣ್ಣದಲ್ಲೇ ಇತ್ತು. ಅದಕ್ಕೆ ಒರಗಿ ನಿಂತಿದ್ದ, ಬಡಕಲಾದ ಡಾಕ್ಟರರು ಎರಡೂ ಕೈ ಚಾಚಿ ಕೂಗಿದರು:

“ಒಳಗೆ ಬಾರಯ್ಯ, ನಿನ್ನ ಮಳೆ ಬಂತು!”

ಅಪ್ಪಿಕೊಂಡು ನಕ್ಕೆವು, ಅತ್ತೆವು, ಮತ್ತೆ ನಕ್ಕೆವು. ಮನೆಗೆ ಬಂದವನೇ ಕಚೇರಿಯ ಶಾಯಿಪೆನ್ನು ಹಿಡಿದು ಡಬ್ಬಿಯ ಮೇಲಿನ ಮನೆಗೂ ಸೂರು ಬರೆದೆ. “ಇಂಗ್ಲಿಷಿನವರ ಮನೆಯನ್ನು ಹಾಳು ಮಾಡಿದ್ರಲ್ಲ!” ಎಂದಳು ಶಾರದೆ. ಪಾಪ, ಅಷ್ಟು ವರ್ಷ ಆ ಮನೆ ನೆನೆಯುತ್ತಲೇ ನಿಂತಿತ್ತು.