ನಕ್ಷತ್ರದ ಕಾಲಂ

ನನ್ನ ಅಕ್ಷರ ದುಂಡಗಿದೆ. ಇದು ಹೆಮ್ಮೆಯ ಮಾತಲ್ಲ, ತಪ್ಪೊಪ್ಪಿಗೆಯ ಮೊದಲ ವಾಕ್ಯ. ಹೊಳೆನರಸೀಪುರದಲ್ಲಿ ನಾನು ಹೈಸ್ಕೂಲು ಮೇಷ್ಟರಾಗಿದ್ದಾಗ ಲಗ್ನಪತ್ರಿಕೆಯ ಕವರಿನಿಂದ ಹಿಡಿದು ದೇವಸ್ಥಾನದ ಅರ್ಚನೆಯ ಪಟ್ಟಿಯವರೆಗೆ ಊರಿನ ಸಕಲ ಬರವಣಿಗೆಯೂ ನನ್ನ ಪಾಲಿಗೆ ಬರುತ್ತಿತ್ತು. ಅಷ್ಟು ದುಂಡಗೆ ಬರೆಯದೇ ಇದ್ದಿದ್ದರೆ ಅಮ್ಮನ ಕಾಲು ಸರಿಯಾಗಿರುತ್ತಿತ್ತೋ ಏನೋ.

ಮನೆಗೆ ಟೆಲಿಫೋನು ಬಂದ ಹೊಸತು. ಒಂದು ಬೆಳಿಗ್ಗೆ ಪೇಪರಿನ ಮಡಿಕೆಯೊಳಗಿಂದ ಹಳದಿ ಕರಪತ್ರವೊಂದು ಜಾರಿತು. ಭಾನುವಾರ ಛತ್ರದಲ್ಲಿ ಸಕ್ಕರೆ ಕಾಯಿಲೆಯ ಉಚಿತ ತಪಾಸಣಾ ಶಿಬಿರ. ‘ಉಚಿತ’ ಎಂಬ ಪದ ಕಾಯಿಲೆಯ ಹೆಸರಿಗಿಂತ ಮೂರು ಪಟ್ಟು ದಪ್ಪಗಿತ್ತು. ಅಮ್ಮನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅವರನ್ನು ಕರೆದುಕೊಂಡು ಹೋದೆ. ಟೈ ಕಟ್ಟಿದ್ದ ಇಬ್ಬರು ಸಂಘಟಕರು ನನ್ನನ್ನು ಒಂದು ಮೇಜಿನ ಮುಂದೆ ಕೂರಿಸಿ, ಬಂದವರ ಹೆಸರು ಬರೆದುಕೊಡಬೇಕೆಂದು ಕೈಮುಗಿದರು.

ಅವರ ರಿಜಿಸ್ಟರಿನಲ್ಲಿ ಇದ್ದದ್ದು ಮೂರೇ ಕಾಲಂ: ಹೆಸರು, ವಿಳಾಸ, ಫೋನು. ನನಗೆ ಅದು ಅನಾಗರಿಕವಾಗಿ ಕಂಡಿತು. ಇಪ್ಪತ್ತು ವರ್ಷ ಅರ್ಚನೆಯ ಪಟ್ಟಿ ಬರೆದ ಕೈ. ಗೋತ್ರ, ನಕ್ಷತ್ರ ಇಲ್ಲದ ಪಟ್ಟಿ ನಮ್ಮೂರಿನಲ್ಲಿ ಪಟ್ಟಿಯೇ ಅಲ್ಲ. ಸ್ಕೇಲು ತರಿಸಿ ಗೆರೆ ಎಳೆದೆ. ಗೋತ್ರ ತಿಳಿಯದವರ ಮನೆದೇವರನ್ನು ಬರೆದುಕೊಂಡೆ. ಕೊನೆಗೆ ‘ಷರಾ’ ಎಂದು ಅಗಲವಾದ ಜಾಗ ಬಿಟ್ಟೆ. ಅಮ್ಮನನ್ನು ಏನೂ ಕೇಳಲಿಲ್ಲ, ಎಲ್ಲ ನನಗೆ ಗೊತ್ತಿದ್ದದ್ದೇ. ಭಾರದ್ವಾಜ ಗೋತ್ರ, ಪೂರ್ವಾಷಾಢ ನಕ್ಷತ್ರ. ಷರಾ: ಯಜಮಾನರು ತೀರಿಕೊಂಡು ಆರು ವರ್ಷ, ಎಡಗಾಲಿನ ಹೆಬ್ಬೆರಳು ಆಗಾಗ ಜೋಮು ಹಿಡಿಯುತ್ತದೆ. ಸಂಜೆ ಸಂಘಟಕರಲ್ಲೊಬ್ಬ ರಿಜಿಸ್ಟರು ತಿರುವಿ ನೋಡಿ, ‘ಇದು ನಮಗೆ ಬಹಳ ಉಪಯೋಗವಾಗುತ್ತೆ ಸಾರ್’ ಎಂದ. ಅವನು ಆಡಿದ ಮಾತುಗಳಲ್ಲಿ ಸತ್ಯವಾದದ್ದು ಅದೊಂದೇ.

ಮೂರು ವಾರ ಕಳೆದಿರಬೇಕು. ನಾನು ಸ್ಕೂಲಿನಿಂದ ಬಂದಾಗ ಅಮ್ಮನ ಮುಖ ಅರಳಿತ್ತು. ಮಧ್ಯಾಹ್ನ ಯಾರೋ ಬಂದಿದ್ದರಂತೆ. ಬಿಳಿ ಜುಬ್ಬಾ, ಹಣೆಗೆ ಗಂಧ. ಜಗಲಿಯ ಮೇಲೆ ಕೂತು, ನೀರು ಕುಡಿದು, ಕಣ್ಣು ಮುಚ್ಚಿಕೊಂಡು ಗೋತ್ರ ಹೇಳಿದನಂತೆ. ಯಜಮಾನರು ಹೋಗಿ ಎಷ್ಟು ವರ್ಷವೆಂದು ಹೇಳಿದನಂತೆ. ಆಮೇಲೆ ಎಡಗಾಲಿನ ಹೆಬ್ಬೆರಳಿಗೆ ಬಂದನಂತೆ. ಅಮ್ಮ ಕೈಮುಗಿದು ಒಂದು ಡಬ್ಬಿ ಪುಡಿ ತೆಗೆದುಕೊಂಡಿದ್ದರು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಪುಡಿ ಬಿಟ್ಟು ಬೇರೆ ಔಷಧಿ ಮುಟ್ಟುವುದಿಲ್ಲವೆಂದು ದೇವರ ಮುಂದೆ ಸಂಕಲ್ಪವನ್ನೂ ಮಾಡಿಸಿದ್ದ. ಮಾತ್ರೆಗಳು ಆಗಲೇ ಕಸದ ಬುಟ್ಟಿಯಲ್ಲಿದ್ದವು.

ಅದೆಲ್ಲ ನಾನೇ ಬರೆದದ್ದು ಎಂದೆ.

‘ನೀನು ಬರೆದರೆ ಅವನು ಓದಬೇಕಲ್ಲ. ಕೈಯಲ್ಲಿ ಒಂದು ಚೀಟಿ ಇರಲಿಲ್ಲ ಕಣೋ.’

ಬಾಯಿಪಾಠ ಮಾಡಿಕೊಂಡು ಬಂದಿರುತ್ತಾನೆ ಎಂದೆ. ನಿಮ್ಮ ಸ್ಕೂಲಿನ ಹುಡುಗರಿಗೆ ಮಗ್ಗಿ ಬಾಯಿಪಾಠ ಮಾಡಿಸೋಕೆ ನಿನಗಾಗಲ್ಲ, ಇಷ್ಟು ಜನರ ಗೋತ್ರ ಯಾರು ಮಾಡಿಸ್ತಾರೆ ಎಂದು ಕೇಳಿದರು.

ಎರಡನೇ ವಾರಕ್ಕೆ ಹೆಬ್ಬೆರಳಿನ ತುದಿಯಲ್ಲಿ ಕಡಲೆಕಾಳಿನಷ್ಟು ಕಪ್ಪು ಹುಣ್ಣು ಕಾಣಿಸಿಕೊಂಡಿತು. ಗೋಗರೆದು ಹಾಸನಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಹುಣ್ಣನ್ನು ನೋಡಿ, ನನ್ನನ್ನು ಹೊರಗೆ ಕರೆದು, ಈ ವಾರವೇ ಮಾತ್ರೆ ಶುರುವಾಗದಿದ್ದರೆ ಮೊದಲು ಬೆರಳು, ಆಮೇಲೆ ಪಾದ, ಅದರಾಚೆಯದನ್ನು ನಾನು ಹೇಳುವುದಿಲ್ಲ ಎಂದರು. ಬಸ್ಸಿನಲ್ಲಿ ಅಮ್ಮನಿಗೆ ಹೇಳಿದೆ. ಸಂಕಲ್ಪ ಮಾಡಿದ ಮೇಲೆ ನಡುವೆ ಬಿಟ್ಟರೆ ಮನೆಗೆ ಒಳ್ಳೆಯದಲ್ಲ ಎಂದು ಕಿಟಕಿಯಾಚೆ ನೋಡುತ್ತ ಕೂತರು. ನಾನು ದಾರಿಯುದ್ದಕ್ಕೂ ಆ ಚಪ್ಪಲಿಯಿಲ್ಲದ ಎಡಗಾಲನ್ನೇ ನೋಡುತ್ತಿದ್ದೆ.

ಅಷ್ಟರಲ್ಲಿ ಹೊಸ ಕರಪತ್ರ ಬಂತು. ಪುಡಿಯಿಂದ ಪೂರ್ತಿ ಗುಣವಾದವರೆಂದು ಅರಕಲಗೂಡಿನ ಒಬ್ಬ ನಿವೃತ್ತ ಜವಾನರ ಫೋಟೋ. ಮರುದಿನವೇ ಬಸ್ಸು ಹತ್ತಿ, ಕರಪತ್ರ ತೋರಿಸಿ ಅವರಿವರನ್ನು ಕೇಳಿ ಮನೆ ಹುಡುಕಿದೆ. ಪೂರ್ತಿ ಗುಣವಾದವರು ಜಗಲಿಯಲ್ಲಿ ಕೂತು ನೀರಿನಲ್ಲಿ ಮಾತ್ರೆ ನುಂಗುತ್ತಿದ್ದರು.

‘ನಾನೆಲ್ಲಿ ಪುಡಿ ತಿಂದೆ ಸಾ? ಕ್ಯಾಂಪ್ನಾಗೆ ಕಾರ್ಡ್ ಮಾಡ್ಕೊಡ್ತೀವಿ ಅಂತ ಪೋಟ ಇಡ್ಕಂಡ್ರು. ಕಾರ್ಡೂ ಇಲ್ಲ, ಏನೂ ಇಲ್ಲ. ಈಗ ಬಸ್ಸಲ್ಲಿ ಕುಂತ್ರೆ ಜನ ನನ್ನೇ ಪುಡಿ ಕೇಳ್ತವ್ರೆ ಕಣಿ. ಬೀಗರ ಮನೆಗೆ ಓದ್ರೆ ನಂಗೊಂದು ಲೋಟ ಪಾಯಸ ಜಾಸ್ತಿ ಆಕ್ತಾರೆ, ವಾಸಿಯಾಗೈತಲ್ಲ ಅಂತ.’

ಈ ವೃತ್ತಾಂತವನ್ನು ಅಮ್ಮನಿಗೆ ಒಪ್ಪಿಸಿದೆ. ಪಾಪ, ಅವರಿಗೆ ನಂಬಿಕೆ ಸಾಲದು ಎಂದು ತೀರ್ಪು ಕೊಟ್ಟರು.

ಜುಬ್ಬಾದವನು ಎರಡನೇ ಡಬ್ಬಿ ತರುವ ದಿನ ನಾನು ರಜೆ ಹಾಕಿ ಮನೆಯಲ್ಲಿ ಕೂತೆ. ಹುಣ್ಣು ಆಗ ಅಡಿಕೆಯಷ್ಟಾಗಿ ಬಟ್ಟೆಯ ಪಟ್ಟಿಯಡಿ ವಾಸನೆ ಬರತೊಡಗಿತ್ತು. ಅವನು ಬಂದ. ವಿಷ ಹೊರಗೆ ಬರುತ್ತಿರುವ ಲಕ್ಷಣ ಎಂದ. ನಾನು ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದುಕೊಂಡಿರಲಿಲ್ಲ. ಅದೇ ನನ್ನ ಬ್ರಹ್ಮಾಸ್ತ್ರ. ಕಣ್ಣು ಮುಚ್ಚಿ ನನ್ನ ನಕ್ಷತ್ರ ಹೇಳಿ ಎಂದೆ. ಅವನು ಕಣ್ಣು ಮುಚ್ಚಿದ, ತೆರೆದ, ಮರುಕದಿಂದ ನಕ್ಕ. ನಂಬಿಕೆ ಇಲ್ಲದವರ ಸುತ್ತ ಮಬ್ಬು ಕವಿದಿರುತ್ತದೆಯಂತೆ. ಅಮ್ಮ ಹೌದೆಂಬಂತೆ ತಲೆದೂಗಿದರು. ನನ್ನ ಬ್ರಹ್ಮಾಸ್ತ್ರ ಜಗಲಿ ದಾಟಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಅವನು ಗೆದ್ದಿದ್ದ. ಗೆಲುವಿನ ಹುಮ್ಮಸ್ಸಿನಲ್ಲಿ, ಹೋದ ಸಲ ಹೇಳದೆ ಉಳಿಸಿಕೊಂಡಿದ್ದನ್ನೂ ಹೊರಗೆ ತೆಗೆದ.

‘ಅಮ್ಮನವರದು ನೋಡಿ, ಎಷ್ಟು ನಿಚ್ಚಳ. ಪೂರ್ವಾಷಾಢ ನಕ್ಷತ್ರ, ಧನು ರಾಶಿ.’

ಸರಿಯಾಗಿಯೇ ಇತ್ತು. ನಾನು ಸೋತೆ ಎಂದುಕೊಂಡೆ. ಅಮ್ಮ ತಲೆದೂಗುವುದನ್ನು ನಿಲ್ಲಿಸಿದರು.

‘ಯಾವುದಪ್ಪ ಅಂದೆ?’

‘ಪೂರ್ವಾಷಾಢ ತಾಯಿ. ನಿಮ್ಮ ಹಣೆ ಮೇಲೆ ಬರೆದ ಹಾಗಿದೆ.’

‘ಹಣೆ ಮೇಲಲ್ಲ. ಇವನ ರಿಜಿಸ್ಟರಲ್ಲಿ ಬರೆದಿದೆ.’ ಅಮ್ಮ ಡಬ್ಬಿಯನ್ನು ಅವನ ಕಡೆ ತಳ್ಳಿದರು. ‘ನಂದು ಮೂಲಾ ನಕ್ಷತ್ರ. ಮೂಲಾ ಅಂದ್ರೆ ಮಾವನಿಗೆ ಆಗಲ್ಲ, ಯಾರೂ ಹೆಣ್ಣು ತಗೊಳ್ಳಲ್ಲ ಅಂತ ನಮ್ಮಪ್ಪ ಜಾತಕದಲ್ಲಿ ಒಂದು ನಕ್ಷತ್ರ ಮುಂದೆ ತಳ್ಳಿ ಮದುವೆ ಮಾಡಿದ್ರು. ಅಪ್ಪ ಹೋದ ಮೇಲೆ ಅದು ಗೊತ್ತಿರೋದು ದೇವರಿಗೆ, ನನಗೆ. ದೇವರು ನಿನಗೆ ಹೇಳೋದಾಗಿದ್ರೆ ಮೂಲಾ ಅಂತ ಹೇಳಿರ್ತಿದ್ದ.’

ಅವನು ಚಪ್ಪಲಿ ಹುಡುಕತೊಡಗಿದ. ನನಗೆ ಆ ಕ್ಷಣದಲ್ಲಿ ನೆನಪಾದದ್ದು ಬೇರೆ. ಗುಡಿಯಲ್ಲಿ ಅರ್ಚಕರು ‘ಪೂರ್ವಾಷಾಢ ನಕ್ಷತ್ರೇ’ ಎಂದಾಗಲೆಲ್ಲ ಅಮ್ಮನ ತುಟಿ ಸಣ್ಣಗೆ ಅಲುಗುತ್ತಿತ್ತು. ಜಪವೆಂದುಕೊಂಡಿದ್ದೆ. ಇಷ್ಟು ವರ್ಷವೂ ಅವರು ದೇವರಿಗೆ ತಿದ್ದುಪಡಿ ಸಲ್ಲಿಸುತ್ತಿದ್ದರು. ಇನ್ನು ನಮ್ಮ ತಾತ ಈ ಸೊಸೆಯ ಕೈಯಡುಗೆ ಉಂಡು, ಉಪ್ಪು ಸಾಲದೆಂದು ಗೊಣಗುತ್ತ, ತೊಂಬತ್ತು ತಲುಪಿದವರು.

ಮೋಸದ ಮುಂದೆ ಮಾಡಿದ ಸಂಕಲ್ಪ ಸಂಕಲ್ಪವಲ್ಲವೆಂದು ಅಮ್ಮ ತಾವೇ ಧರ್ಮಶಾಸ್ತ್ರ ನುಡಿದು, ಮುಂದಿನ ಬಸ್ಸಿಗೇ ಹಾಸನಕ್ಕೆ ಹೊರಟರು. ಬೆರಳು ಉಳಿಯಲಿಲ್ಲ. ಪಾದ ಉಳಿಯಿತು.

ಹಾಸನದ ಗ್ರಾಹಕರ ವೇದಿಕೆಗೆ ನಾನು ದುಂಡಗೆ ದೂರು ಬರೆದೆ. ಕರಪತ್ರದ ವಿಳಾಸಕ್ಕೆ ಹೋದ ನೋಟಿಸು, ಅಂಥವರು ಇಲ್ಲಿಲ್ಲವೆಂಬ ಷರಾ ಹೊತ್ತು ಹಿಂದಿರುಗಿತು. ಎಲ್ಲರ ವಿಳಾಸವೂ ಅವರ ಬಳಿಯಿತ್ತು, ಅವರದು ಯಾರ ಬಳಿಯೂ ಇರಲಿಲ್ಲ. ಆದರೆ ಅವರು ಮುಂದಿನ ಭಾನುವಾರ ಎಲ್ಲಿರುತ್ತಾರೆಂದು ಅವರ ಹೊಸ ಕರಪತ್ರವೇ ಹೇಳುತ್ತಿತ್ತು. ಆ ಭಾನುವಾರ ಅರಕಲಗೂಡಿನ ಜವಾನರನ್ನು ಕರೆದುಕೊಂಡು ಚನ್ನರಾಯಪಟ್ಟಣದ ಶಿಬಿರಕ್ಕೆ ಹೋದೆ. ಬಾಗೂರು, ದಂಡಿಗನಹಳ್ಳಿ ಕಡೆಯವರು ಸಾಲು ನಿಂತಿದ್ದರು. ಜವಾನರು ತಮ್ಮ ಫೋಟೋದ ಬ್ಯಾನರಿನ ಪಕ್ಕದಲ್ಲಿ ನಿಂತು, ಜೇಬಿನಿಂದ ಮಾತ್ರೆ ತೆಗೆದು, ಎಲ್ಲರೂ ನೋಡುವಂತೆ ನುಂಗಿದರು. ಭಾಷಣ ಬೇಕಾಗಲಿಲ್ಲ. ಅರ್ಧ ಗಂಟೆಯಲ್ಲಿ ಟೈಗಳು ಹಿಂಬಾಗಿಲಿನಿಂದ ಹೊರಟವು. ರಿಜಿಸ್ಟರು ಮೇಜಿನ ಮೇಲೇ ಉಳಿಯಿತು. ಸಾಲಿನವರೇ ಹಾಳೆ ಹರಿದು ಅವರವರ ಹೆಸರು ಅವರವರು ತೆಗೆದುಕೊಂಡು ಹೋದರು. ನಮ್ಮೂರಿನ ರಿಜಿಸ್ಟರು ಮಾತ್ರ ಸಿಗಲಿಲ್ಲ. ಅದು ಈಗಲೂ ಎಲ್ಲೋ ಇದೆ, ದುಂಡಗೆ.

ಗಾಯ ಒಣಗಿದ ಮೇಲೆ ಅಮ್ಮ ಕುಂಟುತ್ತ ಗುಡಿಗೆ ಬಂದರು. ಅರ್ಚಕರು ಕೇಳುವ ಗೋಜಿಗೂ ಹೋಗದೆ ಅಭ್ಯಾಸಬಲದಿಂದ ‘ಪೂರ್ವಾಷಾಢ’ ಎಂದು ಶುರುಮಾಡಿದರು. ಅಮ್ಮ ತಡೆದರು.

‘ಮೂಲಾ ಅಂತ ಹೇಳಿ.’

ಅರ್ಚಕರು ನನ್ನ ಮುಖ ನೋಡಿದರು, ಪಟ್ಟಿ ಬರೆದವನು ನಾನು ತಾನೆ. ನಾನು ಜೇಬಿನಿಂದ ಪೆನ್ನು ತೆಗೆದೆ.

‘ನೀನು ಬರೆಯೋದೇನೂ ಬೇಡ’ ಎಂದರು ಅಮ್ಮ. ‘ಅವರು ಬಾಯಲ್ಲಿ ಹೇಳಿದರೆ ಸಾಕು.’