ಒರೆಸಿದ ಎಲೆ

"ಕೈ ತೋರಿಸು. ಎರಡೂ ಕೈ!"

"ಅತ್ತೆ, ನಾನು ಈಗ ತಾನೇ ಬಂದೆ! ಬ್ಯಾಗ್ ಕೂಡ ಇಳಿಸಿಲ್ಲ!"

"ಕಳ್ಳರೆಲ್ಲ ಹಾಗೇ ಹೇಳೋದು."

ಅಪ್ಪನ ಈ ತಂಗಿ ಬ್ಲೌಸ್ ಹೊಲಿಯುವ ಟೈಲರ್. ಟೆರೇಸಿನ ಬಾಗಿಲಲ್ಲೇ ನನ್ನನ್ನು ತಡೆದು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ನನ್ನ ಬೆರಳುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಅಲ್ಲಿನ ಕುಂಡಗಳ ಮರಿಗಳಿಗೆಲ್ಲ ಮೂಲವಾದ ಅವರ ಹನ್ನೆರಡು ವರ್ಷದ ಸಕ್ಯುಲೆಂಟ್ ತಾಯಿಗಿಡವನ್ನು ಯಾರೋ ಮುಟ್ಟಿದ್ದರು. ದಪ್ಪ ಎಲೆಗಳ ಮೇಲಿನ ಬಿಳಿ ಪುಡಿ ಮಾಯ! ಮೂರು ಎಲೆ ಆಗಲೇ ಬಿಸಿಲಿಗೆ ಕಂದಿದ್ದವು.

"ಪುಡಿ ತಾನೇ ಹೋಗಿದ್ದು?"

"ಅದು ಪುಡಿಯಲ್ಲ ಕಣೇ, ಗಿಡದ ಕೊಡೆ. ನೀರು ಸಿಕ್ಕ ದಿನ ಎಲೆ ತುಂಬ ಕುಡಿದಿಟ್ಕೊಳ್ಳುತ್ತೆ. ಹಗಲೆಲ್ಲ ಬಾಯಿ ಮುಚ್ಚಿಕೊಂಡಿದ್ದು, ರಾತ್ರಿ ತಂಪಲ್ಲಿ ಉಸಿರಾಡುತ್ತೆ. ನಿನ್ನ ಹಾಗೆ ಇಡೀ ದಿನ ಬಾಯಿ ತೆಗೆದಿರಲ್ಲ! ಒಂದ್ಸಲ ಒರೆಸಿದ ಎಲೆಗೆ ಪುಡಿ ಮತ್ತೆ ಬರಲ್ಲ. ಹೀಗೇ ಬಿಟ್ರೆ ಗಿಡ ಸುಟ್ಟುಹೋಗುತ್ತೆ."

ನಾನು ಕಾಲೇಜಿನಲ್ಲಿ ಬಾಟನಿಯ ಒಂದು ಇಡೀ ಚಾಪ್ಟರ್ ಉರು ಹೊಡೆದಿದ್ದನ್ನು ಅತ್ತೆ ಎರಡೇ ಉಸಿರಿಗೆ ಮುಗಿಸಿದ್ದರು! ನನಗಂತೂ ಖುಷಿಯೋ ಖುಷಿ. ಅತ್ತೆಯ ಅನುಮಾನ ಮಾತ್ರ ನನ್ನನ್ನು ಬಿಟ್ಟು ಪಕ್ಕದ ಮನೆಯಾಕೆಯ ಮೇಲೆ ಹಾರಿತು. "ಬಟ್ಟೆ ಒಣಹಾಕೋಕೆ ದಿನಕ್ಕೆ ನಾಲ್ಕು ಸಲ ಯಾಕೆ ಬರ್ತಾಳೆ?" ಅಲ್ಲಿಂದ ಬೆಕ್ಕಿನ ಮೇಲೆ. ಆದರೆ ಎಲೆಯಲ್ಲಿ ಉಗುರಿನ ಗೀರಿರಲಿಲ್ಲ.

ಅತ್ತೆ ಹೊಲಿಗೆ ಪರೀಕ್ಷಿಸುವಂತೆ ಕಣ್ಣು ಕಿರಿದಾಗಿಸಿ ಗಿಡದ ಮೇಲೆ ಬಗ್ಗಿದರು. ಒರೆಸಿದ ಗುರುತು ಪ್ರತಿ ಎಲೆಯಲ್ಲೂ ಎಡದಿಂದ ಬಲಕ್ಕೆ, ಕಮಾನಿನ ಹಾಗೆ.

"ಇದು ಬಸ್ಸಿನ ಗಾಜು ಒರೆಸೋ ಕೈ. ರೀ!"

ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮಾವ ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡೇ ಮೆಟ್ಟಿಲು ಹತ್ತಿ ಬಂದರು.

"ಧೂಳು ಕೂತಿತ್ತು ಕಣೇ. ಫಳಫಳ ಅನ್ನಲಿ ಅಂತ..."

"ಉಳಿದ ಕುಂಡಗಳು?"

"ಒರೆಸೋಕೆ ಇನ್ನೆರಡೇ ಬಾಕಿ."

ಅತ್ತೆ ಮಾವನ ಕೈಯಿಂದ ಬಟ್ಟೆ ಕಿತ್ತುಕೊಂಡರು. ನಾವು ಮೂವರೂ ಸೇರಿ ಕುಂಡಗಳನ್ನು ನೀರಿನ ಟ್ಯಾಂಕಿನ ನೆರಳಿಗೆ ಎಳೆದೆವು. ತಾಯಿಗಿಡದ ನಡುವಿನ ಪುಟ್ಟ ಚಿಗುರನ್ನು ಬಟ್ಟೆ ಮುಟ್ಟಿರಲಿಲ್ಲ, ಪುಡಿ ಹಾಗೇ ಇತ್ತು.

"ಇದು ಉಳಿದ್ರೆ ಗಿಡ ಉಳಿದ ಹಾಗೆ. ಮುಂದಿನ ಭಾನುವಾರ ನಾನು ಬ್ಲೌಸ್ ಕೊಟ್ಟು ಬರೋಕೆ ಹೋಗ್ಬೇಕು. ನೀನು ಬಂದು ಇಲ್ಲಿ ಕಾವಲು ಕೂರು."

"ಮಾವ ಇನ್ನು ಮುಟ್ಟಲ್ಲ ಬಿಡಿ ಅತ್ತೆ."

"ಡ್ರೈವರ್‌ಗೆ ರಿಟೈರ್‌ಮೆಂಟ್ ಆಗಿದೆ, ಕೈಗೆ ಆಗಿಲ್ಲ."

"ಸರಿ, ಎಂಟಕ್ಕೆ ಬರ್ತೀನಿ."

ಅತ್ತೆ ಮಾವನನ್ನು ಮೇಲಿಂದ ಕೆಳಗೆ ನೋಡಿದರು.

"ಏಳಕ್ಕೇ ಬಾ."